ಏಳನೆಯ ಹಂತದ ಮುಂದಾಳು

ಬಸ್ಸಿನಿಂದಿಳಿದು ಐದು ನಿಮಿಷವಾಗಿರಲಿಲ್ಲ, ಹಲ್ಲಿನ ಡಾಕ್ಟರ್ ಬಟ್ಟೆಯ ಬಗ್ಗೆ ಉಪದೇಶ ಶುರುಮಾಡಿದ.

"ಚಳೀಲಿ ನಡೆಯೋರಿಗೆ ಮೂರು ಪದರ ಇರ್ಬೇಕು. ಒಳಗಿಂದು ಬೆವರು ಹೀರ್ಬೇಕು, ನಡುವಿಂದು ಬಿಸಿ ಹಿಡೀಬೇಕು, ಹೊರಗಿಂದು ಗಾಳಿ ತಡೀಬೇಕು."

ಕೇಳುತ್ತಿದ್ದವಳು ಮೂವತ್ತು ವರ್ಷ ಕೋಟುಗಳಿಗೆ ಲೈನಿಂಗ್ ಹೊಲಿದ ದರ್ಜಿ. ಮೀನಿಗೆ ಈಜು ಕಲಿಸಲು ಬಂದವನನ್ನು ನೋಡುವ ಹಾಗೆ ಅವನನ್ನು ನೋಡಿದಳು. ಪಕ್ಕದಲ್ಲಿದ್ದ ಬೇಕರಿಯವಳು ಮಫ್ಲರಿನೊಳಗೇ ಕಿಸಕ್ಕೆಂದಳು.

ಮೂವರೂ ಒಂದೇ ಶಾಲೆಯಲ್ಲಿ ಓದಿದವರು. ಆರುನೂರು ಕಿಲೋಮೀಟರ್ ಉದ್ದದ ಆ ಕಾಲುದಾರಿಯನ್ನು ರಜೆಗೊಂದು ಹಂತದಂತೆ ನಡೆದು ಮುಗಿಸಲು ಹೊರಟವರಿಗೆ ಇದು ಏಳನೆಯದು. ಹಂತ ಹಂತಕ್ಕೂ ಡಾಕ್ಟರನ ಸಾಮಾನು ಬೆಳೆದಿತ್ತು: ಎರಡು ಊರುಗೋಲು, ಕೊರಳಿಗೊಂದು ಶಿಳ್ಳೆ, ಎತ್ತರ ತೋರಿಸುವ ಕೈಗಡಿಯಾರ. ತಿಳಿವಳಿಕೆ ಮಾತ್ರ ಇದ್ದಲ್ಲೇ ಇತ್ತು. ಕ್ಲಿನಿಕ್ಕಿನಲ್ಲಿ ಅವನಿಗೆ ಎದುರಾಡುವವರಿಲ್ಲ. ಬಾಯೊಳಗೆ ಕೈಯಿಟ್ಟಿರುವಾಗ ಯಾರು ತಾನೇ ಮಾತಾಡಿಯಾರು? ಹಾಗಾಗಿ ಜಗತ್ತೆಲ್ಲ ತನ್ನ ಮಾತು ಒಪ್ಪುತ್ತದೆಂದೇ ಅವನು ನಂಬಿದ್ದ.

ಮಧ್ಯಾಹ್ನದ ಹೊತ್ತಿಗೆ, ಪಾದ ಮುಳುಗುವಷ್ಟು ಹಿಮದಲ್ಲಿ ದಾರಿ ಕವಲೊಡೆಯಿತು. ಎಡಗಡೆಯ ಮರದ ಮೇಲೆ ಕಾಲುದಾರಿಯ ಹಳದಿ ಬಣ್ಣದ ಗುರುತು ಎದ್ದು ಕಾಣುತ್ತಿತ್ತು. ಡಾಕ್ಟರ ತನ್ನ ಫೋನಿನ ನಕಾಶೆ ನೋಡಿ ಬಲಕ್ಕೆ ತಿರುಗಿದ.

"ಗುರುತು ಎಡಕ್ಕಿದೆಯಲ್ಲೋ," ಎಂದಳು ದರ್ಜಿ.

"ಅದು ಹಳೇದು ಕಣೇ. ನಿನಗೆ ನಕಾಶೆ ಓದೋಕೆ ಬರುತ್ತಾ?"

"ನನಗೆ ಕಣ್ಣು ಕಾಣುತ್ತೆ."

"ಹೋಗ್ಲಿ ಬಿಡೇ," ಬೇಕರಿಯವಳು ಪಿಸುಗುಟ್ಟಿದಳು. "ಅವನು ಮುಖ ಊದಿಸ್ಕೊಂಡ್ರೆ ದಿನವೆಲ್ಲ ನಾವೇ ಸಹಿಸ್ಕೋಬೇಕು."

ದರ್ಜಿ ಅವನ ಹಿಂದೆ ಹೆಜ್ಜೆ ಹಾಕಿದಳು. ಗೊತ್ತಿದ್ದೂ ಗೊತ್ತಿದ್ದೂ ಕುರಿಯ ಹಾಗೆ ಹೊರಟ ತನ್ನ ಮೇಲೆ ಅವಳಿಗೆ ಅವನ ಮೇಲಿದ್ದುದಕ್ಕಿಂತ ಹೆಚ್ಚು ತಾತ್ಸಾರ ಹುಟ್ಟಿತು.

ಅರ್ಧ ಗಂಟೆಯಲ್ಲಿ ಚಳಿಗೆ ಫೋನು ಸತ್ತಿತು. ದಾರಿ ಹೆಪ್ಪುಗಟ್ಟಿದ ಹಳ್ಳದ ದಡದಲ್ಲಿ ಮುಗಿಯಿತು.

"ದಾಟಿದ್ರಾಯ್ತು," ಎಂದು ಅವನು ಮಂಜುಗಡ್ಡೆಯ ಮೇಲೆ ಕಾಲಿಟ್ಟ. ಎರಡನೆಯ ಹೆಜ್ಜೆಗೆ ಅದು ಚಟಾರನೆ ಒಡೆದು, ಅವನು ತೊಡೆಯವರೆಗೆ ನೀರಿಗೆ ಇಳಿದುಹೋದ. ಕೊರಳಲ್ಲಿದ್ದ ಶಿಳ್ಳೆ ನೆನಪಾಗಲಿಲ್ಲ, "ಅಯ್ಯೋ ಅಮ್ಮಾ!" ಎಂದಷ್ಟೇ ಬಂತು. ಬೇಕರಿಯವಳು ಅಂಗಿ ಹಿಡಿದಳು, ದರ್ಜಿ ಮೊಣಕೈ ಹಿಡಿದಳು.

"ಬಿಡ್ಬೇಡ ಕಣೇ, ಬಿಡ್ಬೇಡ!"

"ಬಿಡೋ ಹಾಗಿದ್ರೆ ಕವಲಲ್ಲೇ ಬಿಡ್ತಿದ್ದೆ."

ಎಳೆದು ಮೇಲೆ ಹಾಕಿದರು. ಅವನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ದರ್ಜಿ ನಾಚಿಕೆಗೆ ಅವಕಾಶವನ್ನೇ ಕೊಡದೆ ಒದ್ದೆ ಪ್ಯಾಂಟು ಬಿಚ್ಚಿಸಿ, ಕಾಲುಗಳನ್ನು ತಿಕ್ಕಿ ಒರೆಸಿದಳು. ತನ್ನ ಕೋಟಿನೊಳಗಿದ್ದ ದಪ್ಪ ಸ್ವೆಟರನ್ನು ತೆಗೆದು, ಅದರ ಎರಡು ತೋಳುಗಳಿಗೆ ಅವನ ಎರಡು ಕಾಲು ತೂರಿಸಿ, ಸೊಂಟಕ್ಕೆ ಮಫ್ಲರು ಬಿಗಿದಳು. ಬೇಕರಿಯವಳು ಚೀಲದಿಂದ ಒಣ ಕಾಲುಚೀಲ ಕೊಟ್ಟಳು.

"ಇದಕ್ಕೇನಂತಾರೆ, ನಾಲ್ಕನೇ ಪದರವಾ?" ಎಂದಳು ದರ್ಜಿ.

ತಮ್ಮದೇ ಹೆಜ್ಜೆಗುರುತು ಹಿಡಿದು ಕವಲಿಗೆ ಮರಳಿ, ಹಳದಿ ಗುರುತಿನ ಬೆನ್ನು ಹತ್ತಿದರು. ಬಸ್ಸಿನ ರಸ್ತೆ ಸಿಗಲು ಎರಡು ಗಂಟೆ ಹಿಡಿಯಿತು. ಅವನು ಹಿಂದಿನಿಂದ ಬಾತುಕೋಳಿಯಂತೆ ಬಂದ, ತುಟಿ ಬಿಚ್ಚಲಿಲ್ಲ. ಏಳು ಹಂತಗಳಲ್ಲಿ ಅಷ್ಟು ಸೊಗಸಾದ ಎರಡು ಗಂಟೆ ದರ್ಜಿಗೆ ಸಿಕ್ಕಿರಲಿಲ್ಲ.

ಬಸ್ಸಿನ ಬಿಸಿಗೆ ಮೊದಲು ಕರಗಿದ್ದು ಅವನ ನಾಲಿಗೆ. ಸ್ವೆಟರಿನ ಕಾಲುಗಳನ್ನು ಬಿಟ್ಟ ಕಣ್ಣಿಂದ ನೋಡುತ್ತಿದ್ದ ಎದುರು ಸೀಟಿನ ಅಜ್ಜಿಗೆ ವಿವರಿಸಿದ: "ಹಳ್ಳದ ಮಂಜು ಗಟ್ಟಿ ಇದೆಯಾ ಅಂತ ಯಾರಾದ್ರೂ ಮೊದಲು ನೋಡ್ಬೇಕಲ್ಲಮ್ಮ? ಇವರನ್ನ ಕಳ್ಸೋಕಾಗುತ್ತಾ?"

ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ. ಬೇಕರಿಯವಳು ಕಿಟಕಿಯ ಕಡೆ ತಿರುಗಿ ಭುಜ ಕುಲುಕಿಸಿ ನಕ್ಕಳು.

"ಮುಂದಿನ ತಿಂಗಳು ಎಂಟನೇ ಹಂತ," ಡಾಕ್ಟರ ಘೋಷಿಸಿದ.

"ಬರ್ತೀನಿ," ಎಂದಳು ದರ್ಜಿ. "ಆದ್ರೆ ನೀನು ಬಾಯಿ ಮುಚ್ಕೊಂಡು ನನ್ನ ಹಿಂದೆ ನಡೀಬೇಕು."

ಅವನು ಸ್ವೆಟರಿನ ಕಾಲುಗಳನ್ನು ಸರಿಮಾಡಿಕೊಂಡ.

"ಫೋಟೋದಲ್ಲಾದ್ರೂ ಮುಂದೆ ನಿಂತ್ಕೋಬಹುದಾ?"