ಪಂಕ್ಚರ್ ಆಡ್ತಾನಾ?

ಥಿಯೇಟರಿನಲ್ಲಿ ಕಥೆಗಾರ ಬರೆದ ಚಿತ್ರ ಓಡುತ್ತಿತ್ತು. ಬರೆದವನಿಗೆ ಟಿಕೆಟ್ ಪುಕ್ಕಟೆ ಸಿಗಬೇಕಿತ್ತು, ಸಿಗಲಿಲ್ಲ, ಹೆಂಡತಿ ತೆಗೆಸಿಕೊಟ್ಟಳು. ಇಬ್ಬರೂ ಮೊದಲ ಸಾಲಿನಲ್ಲಿ ಕತ್ತು ಮೇಲೆತ್ತಿ ಕೂತು ಪರದೆಯ ಮೇಲೆ ಹೆಸರುಗಳು ಬರುವುದನ್ನೇ ಕಾದರು. ಊಟ ಒದಗಿಸಿದವರ ಹೆಸರು ಬಂತು. ಜನರೇಟರ್ ಕೊಟ್ಟವರ ಹೆಸರು ಬಂತು. ನಾಯಿಯ ಹೆಸರೂ ಬಂತು. ಕಥೆ, ಚಿತ್ರಕಥೆ, ಸಂಭಾಷಣೆ ಎಂದು ಬಂದ ಕಡೆ ನಿರ್ಮಾಪಕರ ಬಾಮೈದನ ಹೆಸರಿತ್ತು.

"ನಾಯಿ ಚೆನ್ನಾಗಿ ಮಾಡಿದೆ ಅಲ್ವಾ," ಎಂದಳು ಹೆಂಡತಿ, ಹೊರಗೆ ಬಂದ ಮೇಲೆ.

"ಅದು ಎಲ್ಲೆಲ್ಲಿ ಬೊಗಳಬೇಕು ಅಂತ ನಾನೇ ಬರೆದಿದ್ದು."

"ಗೊತ್ತು. ಅದಕ್ಕೇ ಹೇಳಿದೆ."

ಇದು ಮೊದಲ ಸಲವೇನಲ್ಲ. ಆತ ಬರೆದದ್ದರಲ್ಲಿ ಅರ್ಧ ತೆರೆ ಕಾಣದೆ ಡಬ್ಬ ಸೇರಿತ್ತು, ಉಳಿದರ್ಧ ಬೇರೆಯವರ ಹೆಸರಿಗೆ ಸೇರಿತ್ತು. ನಿರ್ಮಾಪಕರು ಕೇಳಿದಾಗಲೆಲ್ಲ ಹೆಗಲ ಮೇಲೆ ಕೈ ಹಾಕಿ "ಮುಂದಿನ ಪಿಕ್ಚರ್ ಪೂರ್ತಿ ನಿಂದೇ ಕಣಯ್ಯ" ಎನ್ನುತ್ತಿದ್ದರು. ಹೆಗಲು ಸವೆದಿತ್ತು, ಮುಂದಿನ ಪಿಕ್ಚರ್ ಮುಂದೆಯೇ ಇತ್ತು. ಮನೆ ಎಂದರೆ ಒಂದೇ ಕೋಣೆ. ನಡುವೆ ಹಳೆಯ ಬೆಡ್‌ಶೀಟು ಇಳಿಬಿಟ್ಟು ಆಚೆ ಅಡುಗೆಮನೆ, ಈಚೆ ಸಾಹಿತ್ಯ ಎಂದು ಭಾಗ ಮಾಡಿಕೊಂಡಿದ್ದರು. ಅಡುಗೆಮನೆಯನ್ನೂ ಸಾಹಿತ್ಯವನ್ನೂ ಸಾಕುತ್ತಿದ್ದವಳು ಹೆಂಡತಿ. ಸಿದ್ಧ ಉಡುಪಿನ ಕಾರ್ಖಾನೆಯೊಂದರ ಇಸ್ತ್ರಿ ವಿಭಾಗದಲ್ಲಿ ಅವಳ ಕೆಲಸ. ಅಲ್ಲಿ ಆವಿಯ ಪೈಪು ಸೋರುತ್ತಿತ್ತು. ಅವಳ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುಟ್ಟ ಕಲೆಗಳು, ಕೆಲವು ಹಳೆಯವು, ಕೆಲವು ಆ ವಾರದವು.

ಹೀಗಿರುವಾಗ ಕಥೆಗಾರ ಒಂದು ಜಾಹೀರಾತು ನೋಡಿದ. ಮೊಬೈಲಿನಲ್ಲಿ ಕ್ರಿಕೆಟ್ ಆಡಿಸುವ ಕಂಪನಿಗೆ ವಿಶ್ಲೇಷಕರು ಬೇಕಾಗಿದ್ದರು. ಕ್ರೀಡೆಯ ಬಗ್ಗೆ ತಿಳಿದಿದ್ದರೆ ಒಳ್ಳೆಯದು ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿತ್ತು.

ಸಂದರ್ಶನ ಮಾಡಿದವನು ಎಲ್ಲರನ್ನೂ ಬ್ರೋ ಎಂದು ಕರೆಯುತ್ತಿದ್ದ. ಹಾಗಾಗಿ ಆಫೀಸಿನವರೂ ಅವನನ್ನು ಬ್ರೋ ಎಂದೇ ಕರೆಯುತ್ತಿದ್ದರು.

"ಕ್ರಿಕೆಟ್ ಗೊತ್ತಾ ಬ್ರೋ?"

"ಸ್ಕೂಲಲ್ಲಿ ಸ್ಕೋರ್ ಬರೀತಿದ್ದೆ."

"ಸಾಕು. ಜನರನ್ನ ಅಳಿಸೋಕೆ ಬರುತ್ತಾ?"

"ಅದೊಂದೇ ಬರೋದು."

ತಿಂಗಳ ಕೊನೆಗೆ ಸಂಬಳ ತಾನಾಗಿಯೇ ಬ್ಯಾಂಕಿಗೆ ಬಂದು ಬಿದ್ದಾಗ, ಯಾರದೋ ತಪ್ಪಿ ಬಂದಿದೆಯೆಂದು ಕಥೆಗಾರ ಆಫೀಸಿಗೆ ಫೋನ್ ಮಾಡಿ ಕೇಳಿದ. ಆಫೀಸಿನಲ್ಲಿ ಆ ಕಥೆ ಬಹಳ ದಿನ ಓಡಿತು.

ಆಟ ಸರಳವಾಗಿತ್ತು. ನಿಜವಾದ ಪಂದ್ಯ ಶುರುವಾಗುವ ಮುಂಚೆ ಎರಡೂ ಕಡೆಯ ಆಟಗಾರರಲ್ಲಿ ನಿಮಗೆ ಬೇಕಾದವರನ್ನು ಆರಿಸಿ ನಿಮ್ಮದೇ ತಂಡ ಕಟ್ಟುತ್ತೀರಿ. ಒಬ್ಬನನ್ನು ಕ್ಯಾಪ್ಟನ್ ಮಾಡುತ್ತೀರಿ. ಅವನ ಅಂಕ ಎರಡು ಪಟ್ಟು. ದುಡ್ಡು ಕಟ್ಟಿ ಒಳಗೆ ಹೋಗುತ್ತೀರಿ. ಅಂಕ ಹೆಚ್ಚು ಬಂದವರು ಗೆದ್ದರು, ಉಳಿದವರು ನಾಳೆ ಬನ್ನಿ. ಯಾರನ್ನು ಕ್ಯಾಪ್ಟನ್ ಮಾಡಬೇಕೆಂದು ಹೇಳುವುದು ಕಥೆಗಾರನ ಕೆಲಸ. ಚಿತ್ರರಂಗದಲ್ಲಿ ಭೂತಗನ್ನಡಿ ಹಿಡಿದರೂ ಸಿಗದ ಅವನ ಹೆಸರು ಇಲ್ಲಿ ಫೋಟೋ ಸಮೇತ ದಪ್ಪ ಅಕ್ಷರದಲ್ಲಿ ಬರುತ್ತಿತ್ತು: ತಜ್ಞರ ಮಾತು.

ತಜ್ಞರಿಗೆ ಒಂದು ಕಾಯಿಲೆಯಿತ್ತು. ಅಷ್ಟು ವರ್ಷ ಸಿನಿಮಾ ಬರೆದವನಿಗೆ, ಅನ್ಯಾಯವಾದವನು ಕೊನೆಯಲ್ಲಿ ಗೆಲ್ಲಲೇಬೇಕು ಎಂಬುದು ರಕ್ತದಲ್ಲಿ ಇಳಿದುಹೋಗಿತ್ತು. ಆದ್ದರಿಂದ ಆತ ಅಂಕಿಅಂಶ ಬದಿಗಿಟ್ಟು, ಮಂಡಿ ಮುರಿದುಕೊಂಡು ವಾಪಸ್ಸು ಬಂದವನನ್ನು, ತಂಡದಿಂದ ಹೊರಗಿಟ್ಟು ಅವಮಾನ ಮಾಡಿಸಿಕೊಂಡವನನ್ನು ಹುಡುಕಿ ಹುಡುಕಿ ಕ್ಯಾಪ್ಟನ್ ಮಾಡಿಸುತ್ತಿದ್ದ. ಓದಿದವರು ಅತ್ತೇಬಿಡುತ್ತಿದ್ದರು. ಕ್ರಿಕೆಟ್ಟು ಅಳುತ್ತಿರಲಿಲ್ಲ. ಮಂಡಿ ಮುರಿದವನು ಮೊದಲ ಓವರಿನಲ್ಲೇ ಕುಂಟುತ್ತ ಹೊರಗೆ ಬರುತ್ತಿದ್ದ.

ಒಂದು ದಿನ ಬ್ರೋ ಗಾಜಿನ ಕೋಣೆಗೆ ಕರೆದ. ಕೆಲಸ ಹೋಯಿತು ಎಂದುಕೊಂಡು ಕಥೆಗಾರ ಚಾರ್ಜರನ್ನೂ ಕಿತ್ತುಕೊಂಡೇ ಹೋದ.

"ಸಂಬಳ ಜಾಸ್ತಿ ಮಾಡಿದೀವಿ ಬ್ರೋ. ಫೈನಲ್ ದಿನ ಲೈವ್‌ನಲ್ಲಿ ನೀವೂ ನನ್ನ ಪಕ್ಕ ಕೂರ್ತೀರಿ."

"ಆದ್ರೆ ನಾನು ಹೇಳಿದ್ದು ಒಂದೂ ನಿಜ ಆಗ್ತಿಲ್ಲವಲ್ಲ."

"ಅದೇ ಚೆಂದ." ಬ್ರೋ ಕುರ್ಚಿಯನ್ನು ಅರ್ಧ ಸುತ್ತು ತಿರುಗಿಸಿದ. "ನೀವು ಬರೆದ ತಕ್ಷಣ ಜನ ಎಲ್ಲಾ ಒಂದೇ ಕಡೆ ಬೀಳ್ತಾರೆ. ನಮ್ಮ ಕಡೆಯ ತಂಡಗಳಲ್ಲಿ ನೀವು ಹೇಳಿದವನು ಇರೋದೇ ಇಲ್ಲ."

"ನಮ್ಮ ಕಡೆಯ ತಂಡಗಳು ಅಂದ್ರೆ?"

"ಖಾಲಿ ಜಾಗ ತುಂಬೋಕೆ ನಾವೂ ಆಡ್ತೀವಿ ಬ್ರೋ. ಬೇರೆ ಬೇರೆ ಹೆಸರಲ್ಲಿ. ಗೆದ್ದ ದುಡ್ಡು ಮನೆಯಲ್ಲೇ ಇರುತ್ತೆ." ನಂತರ ಸ್ವಲ್ಪ ಮೆತ್ತಗೆ, "ನಿಮ್ಮಷ್ಟು ಪ್ರಾಮಾಣಿಕವಾಗಿ ತಪ್ಪು ಹೇಳೋರು ಸಿಗೋದು ಕಷ್ಟ," ಎಂದ.

ಕಥೆಗಾರನ ಬರಹವನ್ನು ಅದುವರೆಗೆ ಯಾರೂ ಅಷ್ಟು ಸರಿಯಾಗಿ ವಿಮರ್ಶಿಸಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಬೆಡ್‌ಶೀಟಿನ ಆಚೆಯಿಂದ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಬೆಡ್‌ಶೀಟು ಸರಿಸಿ ಈಚೆ ಬಂದಳು.

"ನಿಮಗೆ ಇನ್ನೊಂದು ವಿಷಯ ಗೊತ್ತಿಲ್ಲ. ನಮ್ಮ ಡಬ್ಬಿ ದುಡ್ಡು ಫೈನಲ್‌ಗೆ ಹಾಕಬೇಕಂತಿದಾರೆ ಹುಡುಗೀರು."

ಡಬ್ಬಿ ಎಂದರೆ ಇಸ್ತ್ರಿ ವಿಭಾಗದ ಹೆಂಗಸರ ಡಬ್ಬಿ. ಪೈಪು ರಿಪೇರಿ ಮಾಡಿಸಿ ಎಂದು ಕೇಳಿದಾಗಲೆಲ್ಲ ಮ್ಯಾನೇಜರು ಮುಂದಿನ ತಿಂಗಳು ಎನ್ನುತ್ತಿದ್ದ. ಮಾಡಿಸುವವರೆಗೆ ಇಸ್ತ್ರಿ ಮುಟ್ಟುವುದಿಲ್ಲ ಎಂದು ಕೂತರೆ ಸಂಬಳ ನಿಲ್ಲುತ್ತದೆ; ನಿಂತಷ್ಟು ದಿನ ಮನೆಗಳಲ್ಲಿ ಒಲೆ ಉರಿಯಬೇಕಲ್ಲ. ಅದಕ್ಕೆಂದು ಎಲ್ಲರೂ ಸಂಬಳದ ದಿನ ಕೈಲಾದಷ್ಟು ಡಬ್ಬಿಗೆ ಹಾಕುತ್ತ ಬಂದಿದ್ದರು. ಒಂದು ವಾರ ಕೂರುವಷ್ಟು ಕೂಡಿತ್ತು. ಫೈನಲ್ ಗೆದ್ದರೆ ತಿಂಗಳುಗಟ್ಟಲೆ ಕೂರಬಹುದು ಎಂದು ಲೆಕ್ಕ ಹಾಕಿದವಳು ಕಾಜಾ. ಮೊದಲು ಗುಂಡಿ ತೂರಿಸುವ ಕಾಜಾ ಹೊಲಿಯುವ ಯಂತ್ರದ ಮೇಲಿದ್ದು ಇಸ್ತ್ರಿಗೆ ಬಂದವಳಾದ್ದರಿಂದ ಅವಳಿಗೆ ಅದೇ ಹೆಸರು. ಅವಳ ಧೈರ್ಯಕ್ಕೆ ಕಾರಣವೂ ಇತ್ತು: ತಜ್ಞರು ನಮ್ಮ ಅಕ್ಕನ ಗಂಡ.

ಕಥೆಗಾರ ತಕ್ಷಣ ಕಾಜಾಳಿಗೆ ಫೋನ್ ಮಾಡಿದ.

"ದುಡ್ಡು ಹಾಕಬೇಡಮ್ಮ. ನಾನು ಬರೆಯೋದೆಲ್ಲ ಸುಳ್ಳು."

ಆ ಕಡೆ ಕಾಜಾ ದನಿ ತಗ್ಗಿಸಿದಳು.

"ಭಾವ, ಸರಿಯಾದ ಹೆಸರು ನಿಮಗೆ ಮಾತ್ರ ಇಟ್ಕೊಂಡ್ರಾ?"

"ಇಲ್ಲಮ್ಮ, ನನಗೆ ಏನೂ ಗೊತ್ತಿಲ್ಲ."

"ಏನೂ ಗೊತ್ತಿಲ್ಲದೇ ಇರೋರ ಫೋಟೋ ಹಾಕ್ತಾರಾ? ಬಿಡಿ ಭಾವ. ಸಂಬಳ ಜಾಸ್ತಿ ಆದ ಮೇಲೆ ನಮ್ಮ ನೆನಪೆಲ್ಲಿ."

ಸುಳ್ಳು ಹೇಳಿದಾಗ ಊರೆಲ್ಲ ನಂಬಿತ್ತು. ನಿಜ ಹೇಳಿದರೆ ಸ್ವಂತ ನಾದಿನಿಯಂತಿದ್ದವಳೂ ನಂಬಲಿಲ್ಲ.

"ಹೇಳಿದ್ರೆ ಕೇಳಲ್ಲ ಅವರು," ಎಂದಳು ಹೆಂಡತಿ. "ನೀವು ಹೇಳೋದು ಬಿಟ್ಟು ನಿಮ್ಮ ಕೆಲಸ ಮಾಡಿ."

"ಯಾವ ಕೆಲಸ?"

"ನಿಮಗೆ ಎಷ್ಟು ಕೆಲಸ ಬರುತ್ತೆ?"

ಫೈನಲ್ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಅವನನ್ನು ಕಾರ್ಖಾನೆಯ ಹಿಂಬದಿಯ ಮೆಟ್ಟಿಲಿಗೆ ಕರೆದುಕೊಂಡು ಹೋದಳು. ಹೆಂಗಸರೆಲ್ಲ ಬುತ್ತಿ ಬಿಚ್ಚಿ ಕೂತಿದ್ದರು. ಡಬ್ಬಿ ವಿಭಾಗದ ಹಿರಿಯಳಾದ ದೊಡ್ಡಮ್ಮನ ಮಡಿಲಿನಲ್ಲಿತ್ತು. ಕಾಜಾಳ ಮುಖ ಇನ್ನೂ ಊದಿತ್ತು.

"ಸರಿ," ಎಂದ ಕಥೆಗಾರ. "ಇಷ್ಟು ಕೇಳ್ತೀರಿ ಅಂತ ಹೇಳ್ತೀನಿ. ಹೊರಗೆ ಹೋಗಬಾರದು. ಪಂಕ್ಚರ್ ಅಂತ ಒಬ್ಬ ಎಡಗೈ ಬೌಲರ್ ಇದ್ದಾನೆ."

ಕಾಜಾಳ ಮುಖದ ಊತ ಸ್ವಲ್ಪ ಇಳಿಯಿತು. "ಅದೇನು ಹೆಸರು ಭಾವ?"

"ಅಪ್ಪ ರಸ್ತೆ ಪಕ್ಕ ಪಂಕ್ಚರ್ ಹಾಕೋರು. ಸಣ್ಣವನಿದ್ದಾಗ ಇವನ ಬಲಗೈ ಲಾರಿ ಚಕ್ರದ ರಿಮ್ಮಿಗೆ ಸಿಕ್ಕಿ ಬೆರಳು ಮಡಚದ ಹಾಗಾಯ್ತು. ಅವತ್ತಿಂದ ಎಡಗೈ. ಹಳೇ ಟ್ಯೂಬು ಸುತ್ತಿ ಚೆಂಡು ಮಾಡಿಕೊಂಡು ಗೋಡೆಗೆ ಎಸೀತಿದ್ದ. ತಂಡಕ್ಕೆ ತಗೊಂಡ್ರು, ಆದ್ರೆ ಆಡಿಸಲಿಲ್ಲ. ದೊಡ್ಡವರ ಮಕ್ಕಳಿಗೆ ನೀರು ಹೊತ್ತು ಕೊಡೋ ಕೆಲಸ. ಅವನಮ್ಮ ಪ್ರತಿ ಪಂದ್ಯಕ್ಕೂ ಪಕ್ಕದ ಮನೆಗೆ ಹೋಗಿ ಟಿವಿ ಮುಂದೆ ಕೂರ್ತಾರೆ. ಮಗ ನೀರು ತಗೊಂಡು ಓಡಿ ಬರ್ತಾನಲ್ಲ, ಅಷ್ಟು ಕಾಣಿಸುತ್ತೆ. ಅಷ್ಟು ನೋಡಿ ಎದ್ದು ಹೋಗ್ತಾರೆ. ಇವತ್ತು ಅವನನ್ನ ಮೊದಲ ಸಲ ಆಡಿಸ್ತಾ ಇದಾರೆ. ಅವನಮ್ಮನಿಗೆ ಇನ್ನೂ ಗೊತ್ತಿಲ್ಲ."

ಒಬ್ಬರೂ ಊಟ ಮಾಡುತ್ತಿರಲಿಲ್ಲ. ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು, ಡಬ್ಬಿಯನ್ನು ಮಡಿಲಿನಿಂದ ಎತ್ತಿ ಕಾಜಾಳ ಕೈಗಿಟ್ಟಳು.

"ಅವನ ಮೇಲೇ ಹಾಕು. ಆ ತಾಯಿ ಮುಖ ನೋಡಿ ಹಾಕು."

"ಎಲ್ಲಾ ಹಾಕಿಬಿಡ್ಲಾ?"

"ಎಲ್ಲಾ."

"ಪಂಕ್ಚರ್ ಇಲ್ಲ," ಎಂದ ಕಥೆಗಾರ.

"ಆಡಲ್ವಾ? ಈಗ ತಾನೇ ಆಡ್ತಾನೆ ಅಂದ್ರಿ."

"ಹುಟ್ಟೇ ಇಲ್ಲ. ನಿಮ್ಮ ಮೆಟ್ಟಿಲು ಹತ್ತೋವಾಗ ಹುಟ್ಟಿಸಿದೆ."

ಕೆಲವರ ಕೈಯ ತುತ್ತು ಕೈಯಲ್ಲೇ ನಿಂತಿತ್ತು. ದೊಡ್ಡಮ್ಮ ಅವನನ್ನೇ ನೋಡುತ್ತಿದ್ದಳು.

"ಅವನಮ್ಮ?"

"ಅವರೂ ಇಲ್ಲ ದೊಡ್ಡಮ್ಮ."

"ಪಾಪ," ಎಂದಳು ಅವಳು. "ಒಳ್ಳೆ ಹೆಂಗಸು."

ಆಗ ಕಥೆಗಾರ ಗಾಜಿನ ಕೋಣೆಯಲ್ಲಿ ಕೇಳಿದ್ದೆಲ್ಲವನ್ನೂ ಹೇಳಿದ. ಈ ಸಲ ಕೇಳಿದರು. ಕಾಜಾ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಒತ್ತಿ ಬಿಗಿ ಮಾಡುತ್ತಿದ್ದಳು.

"ನಾವೇನು ದಡ್ಡರಾ ಭಾವ?"

"ಅಲ್ಲ. ನಿಮಗೆ ಕರುಳು ಇದೆ. ಅದನ್ನ ಕರೆಯೋಕೆ ನನಗೆ ಸಂಬಳ ಕೊಡ್ತಾರೆ."

"ಅವರಿಗೂ ಇದೆಯಾ ನೋಡೋಣ," ಎಂದು ಕಾಜಾ ಫೋನ್ ತೆಗೆದಳು. "ಸಂಜೆ ಲೈವ್‌ನಲ್ಲಿ ಯಾರು ಏನು ಬೇಕಾದ್ರೂ ಕೇಳಬಹುದಲ್ವಾ?"

ಸಂಜೆ ಪಂದ್ಯಕ್ಕೆ ಮುಂಚೆ ಕಥೆಗಾರನ ಮುಖಕ್ಕೆ ಪೌಡರ್ ಹಚ್ಚಿ, ಕಂಪನಿಯ ಅಂಗಿ ತೊಡಿಸಿ, ಬ್ರೋ ಪಕ್ಕದಲ್ಲಿ ಕೂರಿಸಿದರು. ಎದುರಿನ ಪರದೆಯಲ್ಲಿ ನೋಡುಗರ ಪ್ರಶ್ನೆಗಳು ಒಂದರ ಮೇಲೊಂದು ಏರುತ್ತಿದ್ದವು. ಶುರುವಿನಲ್ಲಿ ಎಲ್ಲ ಮಾಮೂಲಿ. ಆಮೇಲೆ ಒಂದು ಬಂತು: ಪಂಕ್ಚರ್ ಆಡ್ತಾನಾ? ಅದರ ಹಿಂದೆಯೇ ಇನ್ನೊಂದು: ಪಂಕ್ಚರ್‌ನ ಕ್ಯಾಪ್ಟನ್ ಮಾಡಬಹುದಾ ಸಾರ್? ಅವನ ಕೈ ಈಗ ಹೇಗಿದೆ? ಇಸ್ತ್ರಿ ವಿಭಾಗ ಮುಗಿದು ಹೊಲಿಗೆ ವಿಭಾಗ ಶುರುವಾಯಿತು. ಆಮೇಲೆ ಕಾರ್ಖಾನೆಯನ್ನೇ ಕಾಣದ ಜನ ಕೇಳತೊಡಗಿದರು. ಅಷ್ಟು ಜನ ಕೇಳುತ್ತಿದ್ದಾರೆಂದರೆ ಏನೋ ಇರಬೇಕು ಎಂದು.

ಬ್ರೋ ಒಮ್ಮೆ ಪರದೆ ನೋಡಿದ, ಒಮ್ಮೆ ಕಥೆಗಾರನನ್ನು ನೋಡಿದ. ಗೊತ್ತಿಲ್ಲ ಎನ್ನುವುದು ಆ ಕಂಪನಿಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ.

"ಒಳ್ಳೇ ಪ್ರಶ್ನೆ," ಎಂದ. "ಪಂಕ್ಚರ್ ಮೇಲೆ ನಾವು ಮೊದಲಿಂದಲೂ ಕಣ್ಣಿಟ್ಟಿದೀವಿ. ನಿನ್ನೆ ಪ್ರಾಕ್ಟೀಸ್‌ನಲ್ಲಿ ನಾನೇ ನೋಡಿದೆ. ಬೆಂಕಿ ಬ್ರೋ, ಬೆಂಕಿ. ಒಳಗಿನ ಸುದ್ದಿ, ನಿಮಗೆ ಮಾತ್ರ ಹೇಳ್ತಿರೋದು." ಪಕ್ಕಕ್ಕೆ ತಿರುಗಿದ. "ನಮ್ಮ ತಜ್ಞರು ಏನಂತಾರೆ?"

ಕಥೆಗಾರನಿಗೆ ಬ್ಯಾಂಕಿಗೆ ತಾನಾಗಿಯೇ ಬಂದು ಬೀಳುವ ಸಂಬಳ ಕಣ್ಣಿಗೆ ಬಂತು. ಹೊಸ ಮನೆಯ ಮಾತಾಗಿತ್ತು. ಎರಡು ಕೋಣೆ, ನಡುವೆ ನಿಜವಾದ ಗೋಡೆ. ಒಂದು ಮಾತು ಸೇರಿಸಿ ತಲೆಯಾಡಿಸಿದರೆ ಸಾಕಿತ್ತು. ಅವನು ಕೊರಳಿನ ಮೈಕನ್ನು ಸರಿಮಾಡಿಕೊಂಡ.

"ಪಂಕ್ಚರ್ ಅನ್ನೋರು ಯಾರೂ ಇಲ್ಲ. ಮಧ್ಯಾಹ್ನ ನಾನು ಕಟ್ಟಿದ ಕಥೆ. ಇವರು ಅವನನ್ನ ನಿನ್ನೆಯೇ ನೋಡಿದಾರಂತೆ." ಕ್ಯಾಮೆರಾ ಕಡೆ ತಿರುಗಿ ಹೇಳಿದ, "ಇಷ್ಟು ದಿನ ನಿಮಗೆ ಹೇಳಿದ್ದೂ ಹೀಗೇ. ಇವರ ಕಡೆಯ ತಂಡಗಳು ಬೇರೆ ಹೆಸರಲ್ಲಿ ಇದರೊಳಗೇ ಆಡ್ತವೆ. ದುಡ್ಡು ಹಾಕಬೇಡಿ."

ಲೈವ್ ನಿಂತಿತು. ಕಂಪನಿಯ ಅಂಗಿಯನ್ನು ಅಲ್ಲೇ ಬಿಚ್ಚಿಸಿಕೊಂಡರು. ಕಥೆಗಾರ ಬನಿಯನ್ನಿನಲ್ಲಿ ಮೆಟ್ಟಿಲಿಳಿದ. ಮರುದಿನ ಕಂಪನಿ, ತಾಂತ್ರಿಕ ದೋಷದಿಂದ ಅಡಚಣೆಯಾಯಿತು ಎಂದು ಪ್ರಕಟಿಸಿತು. ಆ ವಾರದಲ್ಲೇ ಹೊಸ ತಜ್ಞರ ಫೋಟೋ ಬಂತು. ಅವರು ಹಿಂದೆ ಧಾರಾವಾಹಿ ಬರೆಯುತ್ತಿದ್ದರಂತೆ. ಕಂಪನಿ ನಡೆಯುತ್ತಲೇ ಇದೆ.

ಸೋಮವಾರ ಇಸ್ತ್ರಿ ವಿಭಾಗದಲ್ಲಿ ಯಾರೂ ಸ್ವಿಚ್ ಹಾಕಲಿಲ್ಲ. ಹೆಂಗಸರು ಪೈಪಿನ ಕೆಳಗೆ ಸಾಲಾಗಿ ಕೂತರು. ಕಥೆಗಾರ ಗೇಟಿನಾಚೆ, ಅಷ್ಟು ಜನರ ಅಡುಗೆಗೆ ಈರುಳ್ಳಿ ಹೆಚ್ಚುತ್ತಿದ್ದ. ಅಳಿಸುವ ಕೆಲಸ ಮಾಡಿಕೊಂಡಿದ್ದವನು ಈಗ ತಾನೇ ಅಳುತ್ತಿದ್ದಾನೆ ಎಂದು ಕಾಜಾ ಬೆಳಗ್ಗೆಯೇ ನಕ್ಕಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಮ್ಯಾನೇಜರು ಬಂದ. ತಣ್ಣಗಿದ್ದ ಇಸ್ತ್ರಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಯಾರು ಹೇಳಿಕೊಟ್ಟಿದ್ದು ನಿಮಗೆ ಇದನ್ನೆಲ್ಲ? ನಿಮ್ಮ ಲೀಡರ್ ಯಾರು?"

ಯಾರೂ ಮಾತಾಡಲಿಲ್ಲ. ಮಾತಾಡಿದವಳ ಕೆಲಸ ಮೊದಲು ಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಕೇಳ್ತಾ ಇರೋದು ನಿಮ್ಮನ್ನೇ. ಹೆಸರು ಹೇಳಿ."

"ಪಂಕ್ಚರ್," ಎಂದಳು ದೊಡ್ಡಮ್ಮ.

"ಹೌದು ಸಾರ್, ಪಂಕ್ಚರ್," ಎಂದಳು ಕಾಜಾ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಅದನ್ನೇ ಹೇಳಿದರು, ನಗದೆ.

ಮ್ಯಾನೇಜರು ದಡದಡನೆ ಗೇಟಿಗೆ ಹೋಗಿ ಕಾವಲುಗಾರನಿಗೆ ಹೇಳಿದ್ದು ಒಳಗಿನವರಿಗೂ ಕೇಳಿಸಿತು: "ಪಂಕ್ಚರ್ ಅಂತ ಒಬ್ಬ ಇದ್ದಾನೆ. ಇವತ್ತಿಂದ ಅವನನ್ನ ಗೇಟೊಳಗೆ ಬಿಡಬೇಡ."

"ಆಳು ಹೇಗಿರ್ತಾನೆ ಸಾರ್?"

ಮ್ಯಾನೇಜರು ತಿರುಗಿ ಹೆಂಗಸರ ಕಡೆ ನೋಡಿದ. ಕಥೆಗಾರನ ಹೆಂಡತಿ ಮಡಚಿದ ಅಂಗಿತೋಳನ್ನು ಇಳಿಬಿಡದೆ, ಕಲೆಗಳು ಕಾಣುವ ಹಾಗೆಯೇ ಕೈ ಕಟ್ಟಿಕೊಂಡು ಕೂತಿದ್ದಳು.

"ಎಡಗೈ, ಸಾರ್," ಎಂದಳು. "ಆಗಲೇ ಒಳಗೆ ಬಂದಿದಾನೆ."