ಮೂಗಿನ ಯಜಮಾನಿಕೆ

ಮನೆಯ ಹಿಂದಿನ ಕೋಣೆಯಲ್ಲಿ ಸೆಂಟು ಮತ್ತು ಮೈಯುಜ್ಜುವ ಸ್ಕ್ರಬ್ ಮಾಡುವ ಕೆಲಸ ಶುರುವಾದಂದಿನಿಂದ ಅಳತೆ ಕಿರಿಯ ಓರಗಿತ್ತಿಯದು, ಮೂಗು ಹಿರಿಯವಳದು ಎಂದು ಹಂಚಿಕೆಯಾಗಿತ್ತು. ಕಿರಿಯವಳು ಸಕ್ಕರೆಯನ್ನು ಜರಡಿ ಹಿಡಿದು ಬಾದಾಮಿ ಎಣ್ಣೆಯಲ್ಲಿ ಕಲಸಿ, ಸುಗಂಧದ ಎಣ್ಣೆಗಳನ್ನು ಹನಿಹನಿಯಾಗಿ ಬಿಡುವಳು. ಹಿರಿಯವಳು ಬಟ್ಟಲಿನ ಮೇಲೆ ಬಗ್ಗಿ, ಕಣ್ಣು ಮುಚ್ಚಿ ಮೂಸಿ, "ಹೂಂ" ಎಂದ ಮೇಲೆಯೇ ಡಬ್ಬಿಗೆ ತುಂಬುವುದು. ಅವಳ ಆ ಒಂದು ಹೂಂಕಾರಕ್ಕೆ ಮನೆಯವರೆಲ್ಲ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದರು.

ಈಚೆಗೆ ಅದು ಅವಳ ಗಂಟಲಿನಿಂದ ಹೊರಡುತ್ತಿರಲಿಲ್ಲ. ಲವಂಗ, ದಾಲ್ಚಿನ್ನಿ ಹಾಕಿದ ಸ್ಕ್ರಬ್ಬು ಯಾಕೋ ಸಪ್ಪೆ. ಮಲ್ಲಿಗೆ ಸೆಂಟು ನೀರುನೀರು.

"ಎಣ್ಣೆ ಪೂರ್ತಿ ಹಾಕಿದ್ದೀಯಾ?"

"ಎಂದಿನ ಹಾಗೇ ಹಾಕಿದ್ದೀನಿ ಅಕ್ಕಾ."

"ನನ್ನ ಮೂಗಿಗೆ ಎಂದಿನ ಹಾಗಿಲ್ವಲ್ಲ."

ಕಿರಿಯವಳು ಮುಖ ಆಚೆ ತಿರುಗಿಸಿಕೊಂಡಳು. ಅಷ್ಟು ಸಾಕಾಯಿತು, ಹಿರಿಯವಳ ತಲೆಯಲ್ಲಿ ಹುಳ ಹೊಕ್ಕಿತು. ಇವಳ ತಂಗಿ ತವರಿನಲ್ಲಿ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಎಣ್ಣೆ ಅಲ್ಲಿಗೆ ಹೋಗುತ್ತಿರಬೇಕು.

ಹಾಗೆಂದುಕೊಂಡು ನೋಡಿದರೆ ಎಲ್ಲವೂ ಸರಿಯಾಗಿ ಕೂಡಿಬಂತು. ಕೋಣೆಗೆ ಕಾಲಿಟ್ಟೊಡನೆ ಕಿರಿಯವಳು ಕಿಟಕಿಯನ್ನು ಹಾರುಹೊಡೆದು ತೆಗೆಯುತ್ತಿದ್ದಳು. ವಾಸನೆ ಹೊರಟುಹೋದರೆ ಕಡಿಮೆ ಹಾಕಿದ್ದು ಯಾರಿಗೆ ತಿಳಿಯಬೇಕು! ಮೂಗಿಗೆ ಸೆರಗು ಸುತ್ತಿಕೊಳ್ಳುತ್ತಿದ್ದಳು. ಮುಖದಲ್ಲಿ ಕಳ್ಳಬೆವರು ಕಾಣದಿರಲೆಂದೇ ಇರಬೇಕು. ಹಿರಿಯವಳು ಲವಂಗದೆಣ್ಣೆಯ ಶೀಸೆಯ ಚೀಟಿಗೆ ಉಗುರಿನಿಂದ ಗೀಟು ಎಳೆದಿಟ್ಟಳು. ಮಾರನೆಯ ದಿನ ನೋಡಿದರೆ ಎಣ್ಣೆ ಗೀಟಿಗಿಂತ ಎಷ್ಟೋ ಕೆಳಗೆ. ಆಚೆ ಈಚೆ ಯಾರೂ ಇಲ್ಲದಾಗ, ಮನೆಯ ಹೆಸರು ಕೆಡದಿರಲೆಂದು, ತಾನೇ ಬಟ್ಟಲಿಗೆ ಒಂದಿಷ್ಟು ಸುರಿಯುತ್ತಿದ್ದುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಅವಳು ಲೆಕ್ಕಕ್ಕೇ ಹಿಡಿಯಲಿಲ್ಲ. ರಿಪೇರಿಗೆ ಹಾಕಿದ್ದನ್ನು ಖರ್ಚು ಅನ್ನುತ್ತಾರೆಯೇ?

ಒಂದು ಬೆಳಿಗ್ಗೆ ಬೀದಿ ಮೂಲೆಯ ಟೈಲರಮ್ಮ ತೋಳು ಚಾಚಿಕೊಂಡೇ ಒಳಗೆ ಬಂದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಕೆಂಪಗೆ ಬೊಬ್ಬೆ.

"ಏನ್ರಮ್ಮಾ, ಮೈ ಉಜ್ಜೋಕೆ ಕೊಟ್ರೋ, ಸುಲಿಯೋಕೆ ಕೊಟ್ರೋ? ಇಸ್ತ್ರಿ ಪೆಟ್ಟಿಗೆ ಇಟ್ಕೊಂಡಿದ್ರೂ ಇಷ್ಟು ಉರೀತಿರ್ಲಿಲ್ಲ!"

ಹಿರಿಯವಳು ಓರಗಿತ್ತಿಯ ಕಡೆ ತಿರುಗಿದಳು. "ಹೇಳಮ್ಮಾ ತಾಯಿ. ಕದ್ದ ಎಣ್ಣೆ ಜಾಗಕ್ಕೆ ಏನು ಬೆರೆಸಿದೆ?"

"ಕದ್ದ ಎಣ್ಣೆಯಾ?"

"ತಂಗಿಗೆ ಸಾಗಿಸ್ತಿದ್ದೀಯಲ್ಲ, ಅದೇ. ಇವತ್ತಿಗೆ ನಿನ್ನ ಕೈಗೂ ಈ ಕೋಣೆಗೂ ಋಣ ಹರೀತು."

ಕಿರಿಯವಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ಇಲ್ಲಿಗೆ ಬಂದ್ರೆ ನನಗೆ ಕಣ್ಣು ಉರಿಯುತ್ತೆ, ತಲೆ ಸಿಡಿಯುತ್ತೆ. ಕಿಟಕಿ ಯಾಕೆ ತೆಗೀತಿದ್ದೆ ಅಂದ್ಕೊಂಡ್ರಿ? ದಿನಾ ವಾಸನೆ ಏರ್ತಾನೇ ಇದೆ. ನೀವು ನೋಡಿದ್ರೆ ಸಪ್ಪೆ ಅಂತೀರಿ. ನಿಮ್ಮ ಮೂಗಿನ ಮುಂದೆ ನಾನೇನು ಬಾಯಿ ಬಿಡಲಿ?"

"ನಾಟಕ ಸಾಕು." ಹಿರಿಯವಳು ಲವಂಗದೆಣ್ಣೆಯ ಶೀಸೆಯ ಬಿರಡೆ ಕಿತ್ತು ಮೂಗಿಗೆ ಹಿಡಿದಳು. ಏನೂ ಇಲ್ಲ. ಖಾಲಿ ಲೋಟ ಮೂಸಿದ ಹಾಗೆ. "ನೋಡಿ ಟೈಲರಮ್ಮಾ, ಶೀಸೆಗೇ ನೀರು ಹೊಯ್ದಿದ್ದಾಳೆ!"

ಬಾಗಿಲ ಬಳಿ ನಿಂತಿದ್ದ ಟೈಲರಮ್ಮ ಒಂದರ ಮೇಲೊಂದು ಸೀನಿದಳು. ಕಣ್ಣಲ್ಲಿ ನೀರು ಬಂತು. "ಮುಚ್ಚಿ ಅದನ್ನ, ಪುಣ್ಯ ಬರುತ್ತೆ! ನೀರಂತೆ! ಮೂಗಿದೆಯೋ ಇಲ್ವೋ ನಿಮಗೆ?"

ಹಿರಿಯವಳು ಶೀಸೆಯನ್ನು ಮತ್ತೆ ಮೂಸಿದಳು. ಆಮೇಲೆ ಮಲ್ಲಿಗೆಯದನ್ನು, ನಿಂಬೆಹುಲ್ಲಿನದನ್ನು. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ. ಟೈಲರಮ್ಮನಿಗೆ ಸುಳ್ಳು ಹೇಳಿ ಆಗಬೇಕಾದ್ದೇನೂ ಇಲ್ಲ. ಯಾರೂ ಇಲ್ಲದಾಗ ತಾನು ಸುರಿದ ಎಣ್ಣೆಯೆಲ್ಲ ಹಿರಿಯವಳಿಗೆ ಈಗ ಲೆಕ್ಕಕ್ಕೆ ಬಂತು.

ಕಿರಿಯವಳೇ ತಣ್ಣೀರಿನ ಬಟ್ಟೆ ತಂದು ಟೈಲರಮ್ಮನ ತೋಳಿಗೆ ಸುತ್ತಿದಳು. "ಇನ್ನು ನನಗೆ ಸೋಪೇ ಸಾಕಮ್ಮ" ಎಂದು ಟೈಲರಮ್ಮ ಗೊಣಗುತ್ತ ಹೋದಳು. ಮಾಡಿಟ್ಟಿದ್ದ ಸ್ಕ್ರಬ್ಬನ್ನೆಲ್ಲ ಇಬ್ಬರೂ ತಿಪ್ಪೆಗೆ ಸುರಿದರು.

"ಯಾಕೆ ನಿಂತೆ?" ಹಿರಿಯವಳು ನೆಲ ನೋಡುತ್ತ ಕೇಳಿದಳು.

"ಋಣ ಹರೀತು ಅಂದ್ರಲ್ಲ."

"ಬಾಯಿಗೆ ಬಂದದ್ದು ಅಂದುಬಿಟ್ಟೆ. ಬಾ, ಸಕ್ಕರೆ ಅಳೆ."

ಹೊಸ ಬಟ್ಟಲು ಸಿದ್ಧವಾಯಿತು. ಈ ಸಲ ಎಣ್ಣೆ ಬಿಡುವ ನಳಿಗೆ ಹಿರಿಯವಳ ಕೈಯಲ್ಲಿ. ಬಗ್ಗಿ ಮೂಸಿದ್ದು ಕಿರಿಯವಳು.

"ಸಾಕಾ?"

"ಇನ್ನೊಂದು ಹನಿ ಬೇಕು ಅಕ್ಕಾ."

ಹಿರಿಯವಳು ಓರಗಿತ್ತಿಯ ಮುಖವನ್ನೇ ನೋಡಿದಳು. ನಿಜ ಹೇಳುತ್ತಿದ್ದಾಳೋ, ಹಗೆ ತೀರಿಸಿಕೊಳ್ಳುತ್ತಿದ್ದಾಳೋ? ಮೂಸಿ ನೋಡಿ ತಿಳಿಯುವ ಹಾಗಿರಲಿಲ್ಲ. ಬಹಳ ಹೊತ್ತು ಹಾಗೇ ಹಿಡಿದಿದ್ದು, ಕೊನೆಗೆ ನಳಿಗೆಯನ್ನು ಒತ್ತಿದಳು.