ಆರನೇ ವರ್ಷದ ಇಪ್ಪತ್ತೆರಡು ಲಕ್ಷ

ಬೆಂಗಳೂರಿನ ಹೊರಮಾವಿನಲ್ಲಿದ್ದ ಆ ಫ್ಲಾಟಿಗೆ ನಾನು ಪೂರಾ ಮನಸೋತಿದ್ದೆ. ಮರುದಿನ ಸಹಿ ಹಾಕುವುದೊಂದೇ ಬಾಕಿ. ಸಾಲ ಕೊಡಿಸುವ ಏಜೆಂಟ್ ಮುತ್ತಣ್ಣ ಹೊಸ ದಾರಿ ತೋರಿಸಿದ್ದರು: ಐದು ವರ್ಷ ಬಾಡಿಗೆಗಿಂತ ಕಡಿಮೆ ಕಂತು, ಆರನೇ ವರ್ಷ ಉಳಿದ ಇಪ್ಪತ್ತೆರಡು ಲಕ್ಷ ಒಂದೇ ಗಂಟಿನಲ್ಲಿ. ಇದಕ್ಕೆ ಬಲೂನ್ ಸಾಲ ಅನ್ನುತ್ತಾರಂತೆ.

"ಆಗ ಬೇರೆ ಬ್ಯಾಂಕಲ್ಲಿ ಲೋನ್ ತಗೊಂಡು ಇದನ್ನ ಕ್ಲೋಸ್ ಮಾಡ್ಬಿಡಿ ಮೇಡಂ, ಸಿಂಪಲ್" ಅಂದಿದ್ದರು. ಎಂ.ಕಾಂ. ಓದಿದ ನನಗೂ ಸಿಂಪಲ್ಲಾಗಿಯೇ ಕಂಡಿತ್ತು. ನನ್ನ ಗಂಡ ಸಂಜು ಎಂದಿನಂತೆ ತಲೆಯಾಡಿಸಿದ್ದ.

ಸಂಜೆ ಅಡುಗೆಗೆ ಬಂದ ಯಂಕಮ್ಮನವರಿಗೆ ಇದನ್ನೆಲ್ಲ ಹೇಳಿದೆ. ರಾಯಚೂರು ಕಡೆಯವರು, ಓದು ಬರಹ ಇಲ್ಲ. ಪಾಠ ಹೇಳುವ ಜಂಬ ನನ್ನ ಮಾತಿನಲ್ಲಿ ಧಾರಾಳವಾಗಿತ್ತು. ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ನಾವು ಕಮ್ಮನಹಳ್ಳ್ಯಾಗ ಲೀಸಿಗಿದ್ವಿರೀ. ನಾಕು ಲಕ್ಷ ಕೊಟ್ಟು ಮೂರು ವರ್ಷ ಬಾಡ್ಗಿ ಇಲ್ದ ಇರೂದು, ಬಿಡೂಮುಂದ ಓನರು ಅಷ್ಟೂ ವಾಪಸ್ ಕೊಡ್ಬೇಕು. ಆ ದಿನ ಬಂತು, ಅವ್ರ ಕೈಯಾಗ ರೊಕ್ಕಿಲ್ಲ. ಮುಂದ ಲೀಸಿಗಿ ಬರೋರ ರೊಕ್ಕ ನಿಮಗ ಕೊಡ್ತೀನಿ ಅಂದ್ರು. ಯಾರೂ ಬರ್ಲಿಲ್ಲ. ನಾವು ಅವ್ರ ಮನಿಗಿ ಅಲೆದಲೆದು ಸಾಕಾದ್ವಿ. ಕಡೀಗ ನಮ್ಮ ರೊಕ್ಕ ಕೊಡಾಕ ಮನೀನ ಮಾರಿದ್ರು, ಪಾಪ."

"ಅದು ಬೇರೆ, ಇದು ಬೇರೆ ಯಂಕಮ್ಮ."

"ಹೌದ್ರಿ, ಈ ಸಲ ಓನರು ನೀವು. ಮುಂದಿನ ಬ್ಯಾಂಕಿನೋರು ಕೊಡಲ್ಲ ಅಂದ್ರ?"

ನನಗೆ ಸಿಟ್ಟು ಬಂತು, ಅದರ ಹಿಂದೆಯೇ ನಾಚಿಕೆ. ಆ ಒಂದು ಪ್ರಶ್ನೆ ನನಗೇಕೆ ಹೊಳೆಯಲಿಲ್ಲ? ಅಲ್ಲೇ ನಿಂತು ಮುತ್ತಣ್ಣನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ.

"ಹಂಗೆಲ್ಲಾ ಆಗಲ್ಲ ಮೇಡಂ."

"ಒಂದ್ವೇಳೆ ಆದ್ರೆ?"

"ಆದ್ರೆ... ಫ್ಲಾಟ್ ಮಾರ್ಬೇಕಾಗತ್ತೆ."

ಫ್ಲಾಟಿನ ಆಸೆ ಬಿಟ್ಟೆವು. ಎರಡು ದಿನ ಅತ್ತುಬಿಟ್ಟೆ, ಸುಳ್ಳೇಕೆ ಹೇಳಲಿ. ಯಂಕಮ್ಮ ತಮ್ಮ ನಾಲ್ಕು ಲಕ್ಷಕ್ಕಾಗಿ ಅಲೆದೂ ಓನರಿಗೆ ಪಾಪ ಅನ್ನುತ್ತಿದ್ದರಲ್ಲ, ಅದನ್ನು ನೆನೆದರೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ.

ಮುಂದಿನ ತಿಂಗಳು ಕೆ.ಆರ್. ಪುರದಲ್ಲಿ ಇನ್ನೂ ಚಿಕ್ಕ ಮನೆ ಸಿಕ್ಕಿತು. ಇಪ್ಪತ್ತು ವರ್ಷದ ಮಾಮೂಲಿ ಕಂತು. ಬ್ಯಾಂಕಿಗೆ ಹೋಗುವಾಗ ಯಂಕಮ್ಮನವರನ್ನೂ ಕರೆದುಕೊಂಡು ಹೋದೆ. ಸಾಲದ ವಿಭಾಗದ ಹುಡುಗಿ ಪೂಜಿತಾ, ಯಂಕಮ್ಮನವರತ್ತ ನೋಡಿ, "ಇವ್ರು ಯಾರು?" ಅಂದಳು.

"ನಮ್ಮನೆ ಹಿರಿಯರು. ಮೊದ್ಲು ಇವ್ರಿಗೆ ಹೇಳಿ. ಇವ್ರು ಒಪ್ಪಿದ್ಮೇಲೆ ನಾನು ಸೈನ್ ಮಾಡ್ತೀನಿ."

ಯಂಕಮ್ಮ ಕುರ್ಚಿ ಎಳೆದುಕೊಂಡು ಕೂತರು.